ಮಡಿ ನೀರು, ಮೋರಿ ನೀರು



ಮೊದಲು ನನ್ನ ಹಲ್ಲಿನ ವಿಷಯ ಹೇಳಿಬಿಡ್ತೀನಿ. ನಾನು ನಾಗಮಂಗಲ ಸೀಮೆಯವನು. ನನ್ನ ಮುಂದಿನ ನಾಲ್ಕು ಹಲ್ಲಿನ ಮೇಲೆ ಕಂದು ಪಟ್ಟೆ ಇದೆ. ಪಿಯುಸಿಗೆ ಅಂತ ಪೇಟೆಯ ಹಾಸ್ಟೆಲ್ ಸೇರಿದ ಮೊದಲ ವಾರ ಒಬ್ಬ ಮೇಷ್ಟ್ರು ಕ್ಲಾಸಿನಲ್ಲಿ ಎದ್ದು ನಿಲ್ಲಿಸಿ, "ಏನೋ, ನಿಮ್ ಕಡೆ ಹಲ್ಲು ಉಜ್ಜೋ ಅಭ್ಯಾಸ ಇಲ್ವೇನೋ?" ಅಂದರು. "ನಿಮ್ ಕಡೆ" ಅಂದರೆ ನಾಗಮಂಗಲವೋ ಕೇರಿಯೋ ಅನ್ನೋದು ಇಡೀ ಕ್ಲಾಸಿಗೆ ಅರ್ಥ ಆಯಿತು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಆಮೇಲೆ ಎರಡು ವರ್ಷ ಹಾಗೇ ಕೈ ಅಡ್ಡ ಇಟ್ಟುಕೊಂಡೇ ನಕ್ಕೆ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಎಲ್ಲ ಹಾಕಿ ತಿಕ್ಕಿದೆ. ಒಸಡಿನಲ್ಲಿ ರಕ್ತ ಬಂತೇ ಹೊರತು ಪಟ್ಟೆ ಹೋಗಲಿಲ್ಲ.

ಬಿ.ಎ. ಮುಗಿಸೋ ಹೊತ್ತಿಗೆ ಗೊತ್ತಾಯಿತು, ಅದು ಫ್ಲೋರೈಡು. ಹಲ್ಲು ಇನ್ನೂ ಒಸಡಿನೊಳಗೆ ಕಟ್ಟಿಕೊಳ್ಳುತ್ತಿರುವ ವಯಸ್ಸಿನಲ್ಲಿ ಕುಡಿದ ಬೋರ್‌ವೆಲ್ ನೀರು ಬಿಟ್ಟುಹೋದ ಗುರುತು. ಒಳಗಿಂದ ಬಂದದ್ದನ್ನು ಹೊರಗಿಂದ ಉಜ್ಜಿ ತೆಗೆಯೋಕಾಗಲ್ಲ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಗತಿಯಿಲ್ಲ ಅಂದಾಗ 1.5ರ ತನಕ ಸಹಿಸಬಹುದು. ನಾಗಮಂಗಲ ಕಡೆಯ ಎಷ್ಟೋ ಬೋರುಗಳು ಈ ಗೆರೆ ದಾಟಿವೆ. ಇದು ಹೊಸ ಸಂಶೋಧನೆ ಏನಲ್ಲ, ಅಂತರ್ಜಲದ ವರದಿಗಳಲ್ಲಿ ವರ್ಷಗಳಿಂದ ಕೂತಿದೆ. ಇದೇ ನೀರನ್ನು ಹೆಚ್ಚು ವರ್ಷ ಕುಡಿದರೆ ಹಲ್ಲಿನಿಂದ ಮೂಳೆಗಿಳೀತದೆ, ಮಂಡಿ ಮಡಚೋಕಾಗಲ್ಲ, ಬೆನ್ನು ಬಗ್ಗಲ್ಲ. "ಕಾಯಿಸಿ ಕುಡೀರಿ" ಅನ್ನೋರ ಮಾತು ಇಲ್ಲಿ ನಡೆಯಲ್ಲ. ಕಾಯಿಸಿದರೆ ಕ್ರಿಮಿ ಸಾಯ್ತದೆ, ಫ್ಲೋರೈಡ್ ಸಾಯಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗ್ತದೆ.

ನ್ಯಾಯವಾಗಿ ಹೇಳಬೇಕು: ನಮ್ಮೂರ ಒಕ್ಕಲಗೇರಿ ಹುಡುಗರ ಹಲ್ಲಿನಲ್ಲೂ ಈ ಪಟ್ಟೆ ಇದೆ. ಬೋರಿಗೆ ಜಾತಿ ಗೊತ್ತಿಲ್ಲ. ಆದರೆ ಅವರಲ್ಲಿ ಅನುಕೂಲ ಇರೋರು ಈಗ ಮನೆಗೆ ಫಿಲ್ಟರ್ ಹಾಕಿಸಿಕೊಂಡಿದ್ದಾರೆ. ನಮ್ಮವ್ವ ಕೂಲಿಯಿಂದ ಬಂದು ಐದು ರೂಪಾಯಿ ನಾಣ್ಯ ಹಿಡಿದುಕೊಂಡು ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಇಟ್ಟು ನಿಲ್ತಾಳೆ. ಘಟಕ ಕೆಟ್ಟರೆ ವಾಪಸ್ ಬೋರಿಗೆ. ಇನ್ನೊಂದು, ಅವರ ಪಟ್ಟೆಗೆ ಯಾವ ಮೇಷ್ಟ್ರೂ "ನಿಮ್ ಕಡೆ" ಅನ್ನಲ್ಲ.

ಈಗ ಈ ನಾಲ್ಕು ತಾಲ್ಲೂಕಿನ ನಕ್ಷೆ ಮುಂದಿಟ್ಟುಕೊಳ್ಳಿ. ಶ್ರೀರಂಗಪಟ್ಟಣ ಕಾವೇರಿಯ ನಡುವಿನ ದ್ವೀಪ, ಎರಡೂ ಮಗ್ಗುಲಿಗೆ ಹೊಳೆ. ಪಾಂಡವಪುರದ ಕಡೆ ತೊಣ್ಣೂರು ಕೆರೆ, ವಿಶ್ವೇಶ್ವರಯ್ಯ ನಾಲೆ, ಹತ್ತಿರದಲ್ಲೇ ಕನ್ನಂಬಾಡಿ ಕಟ್ಟೆ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹೇಮಾವತಿ ಹರಿದು ಬಂದು ಕನ್ನಂಬಾಡಿ ಹಿನ್ನೀರಿಗೆ ಸೇರ್ತದೆ. ಲೋಕಪಾವನಿ ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟಿ, ಪಾಂಡವಪುರ ಹಾದು, ಕರೀಘಟ್ಟದ ಬುಡದಲ್ಲಿ ಕಾವೇರಿಗೆ ಬೀಳ್ತದೆ. ಹೆಸರು ನೋಡಿ, ಲೋಕವನ್ನೇ ಪಾವನ ಮಾಡೋ ಹೊಳೆ! ಇಂಥ ಸೀಮೆಯಲ್ಲಿ ಹುಟ್ಟಿದೋರು ಕುಡಿಯೋ ನೀರಿಗೆ ಬಾಯಿ ಬಾಯಿ ಬಿಡ್ತಾರೆ ಅಂದರೆ ನೀರಿನ ಕೊರತೆ ಅಂತ ನಂಬಬೇಕಾ?

ಒಂದು ಲೆಕ್ಕ ಮಾಡೋಣ, ನಾನು ಆರ್ಟ್ಸ್ ಓದಿದವನು, ತಪ್ಪಿದ್ದರೆ ಸೈನ್ಸಿನೋರು ತಿದ್ದಿ. 2011ರ ಜನಗಣತಿ ಪ್ರಕಾರ ಮಂಡ್ಯ ಜಿಲ್ಲೆಯ ಜನ 18 ಲಕ್ಷ ಚಿಲ್ಲರೆ. ಜಲ ಜೀವನ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್. ಗುಣಿಸಿದರೆ ದಿನಕ್ಕೆ ಹತ್ತಿರ ಹತ್ತಿರ 10 ಕೋಟಿ ಲೀಟರ್, ವರ್ಷಕ್ಕೆ 3,600 ಕೋಟಿ ಲೀಟರ್. ಒಂದು ಟಿಎಂಸಿ ಅಂದರೆ 2,831 ಕೋಟಿ ಲೀಟರ್. ಅಂದರೆ ಇಡೀ ಜಿಲ್ಲೆ ವರ್ಷವಿಡೀ ಕುಡಿದು, ಬೇಯಿಸಿ, ತೊಳೆದುಕೊಳ್ಳೋಕೆ ಬೇಕಾದ್ದು ಒಂದೂಕಾಲು ಟಿಎಂಸಿಗೆ ಸ್ವಲ್ಪ ಮೇಲೆ. ಕನ್ನಂಬಾಡಿ ತುಂಬಿದರೆ 49.45 ಟಿಎಂಸಿ. ಜನ ಒಂದಿಷ್ಟು ಹೆಚ್ಚಿದ್ದಾರೆ ಅಂತ ಇಟ್ಟುಕೊಂಡರೂ ಎರಡು ಟಿಎಂಸಿ ಮುಟ್ಟಲ್ಲ.

1991ರಿಂದ ಇಲ್ಲೀತನಕ ಕಾವೇರಿಗೋಸ್ಕರ ಮಂಡ್ಯದ ರಸ್ತೆಯಲ್ಲಿ ಎಷ್ಟು ಟೈರು ಸುಟ್ಟಿವೆ! 2023ರಲ್ಲಿ ನಾನೂ ಹೋಗಿ ಕೂತಿದ್ದೆ, ಸುಳ್ಳು ಹೇಳಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಿಸಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯೋ ನೀರಿಗೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು: ನಮ್ಮದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಿಂದ ದಿನಕ್ಕೆ 77.5 ಕೋಟಿ ಲೀಟರ್ ಬೆಂಗಳೂರಿಗೆ ಏರ್ತದೆ. ಏರಲಿ, ಬೆಂಗಳೂರಿನ ಕೊಳೆಗೇರಿಯಲ್ಲಿರೋರೂ ನಮ್ಮೋರೇ. ನಾನು ಕೇಳೋದು ಇಷ್ಟೇ, ನೂರು ಕಿಲೋಮೀಟರ್ ದೂರ ಬೆಟ್ಟ ಹತ್ತೋ ನೀರಿಗೆ ಪೇಟೆಯ ಟ್ಯಾಂಕಿನಿಂದ ಕೇರಿಯ ನಲ್ಲಿ ತನಕ ಒಂದು ಫರ್ಲಾಂಗು ಕ್ಷೇಮವಾಗಿ ನಡೆದು ಬರೋಕೆ ಯಾಕಾಗಲ್ಲ?

ಯಾಕಾಗಲ್ಲ ಅಂತ ನನಗೆ ಹೇಳಿಕೊಟ್ಟವನು ಎಂಜಿನಿಯರಲ್ಲ, ಒಬ್ಬ ವಾಲ್ವ್‌ಮನ್. ನಮ್ಮ ಹಾಸ್ಟೆಲ್ ಹಿಂದಿನ ಕೇರಿಯವನು. ಪೇಟೆ ಯಾವುದು ಅಂತ ಬೇಡ, ಈ ನಾಲ್ಕರಲ್ಲೊಂದು. "ಮಾವ, ಕೇರಿಗ್ಯಾಕೆ ಯಾವಾಗ್ಲೂ ಕೊನೇಲಿ ಬಿಡ್ತೀಯ?" ಅಂತ ಜಗಳಕ್ಕೇ ಹೋಗಿದ್ದೆ.

"ನಾನೇನ್ಲಾ ಮಾಡ್ಲಿ ಮಗ, ಪೈಪು ಹಂಗೆ ಹಾಕವ್ರೆ. ಮೇಲ್ಗಡೆ ಬೀದಿ ತುಂಬ್ದೆ ಕೆಳೀಕೆ ಇಳಿಯಕ್ಕಿಲ್ಲ. ಮೊದ್ಲು ಬಂದ ಎಲ್ಡು ಬಿಂದ್ಗೆ ಚೆಲ್ಬುಡಿ, ಆಮೇಲ್ ಹಿಡ್ಕಳಿ ಅಂತ ಹೆಣ್ಮಕ್ಳಿಗೆಲ್ಲ ಹೇಳಿವ್ನಿ."

ಆ ಎರಡು ಬಿಂದಿಗೆಯಲ್ಲಿ ಇಡೀ ಶಾಸ್ತ್ರ ಇದೆ. ನೀರು ದಿನಾ ಬರಲ್ಲ, ಎರಡು ಮೂರು ದಿನಕ್ಕೊಂದು ಸಲ ಬರ್ತದೆ. ವಾಲ್ವು ಮುಚ್ಚಿದಾಗ ಪೈಪಿನೊಳಗೆ ಒತ್ತಡ ಬೀಳ್ತದೆ. ಜೋಡಣೆ ಸಡಿಲ ಇದ್ದ ಕಡೆ, ತೂತು ಬಿದ್ದ ಕಡೆ ಪೈಪು ಹೊರಗಿನದ್ದನ್ನು ಒಳಕ್ಕೆ ಹೀರಿಕೊಳ್ತದೆ. ಹೊರಗೆ ಏನಿದೆ? ಮೇಲಿನ ಬೀದಿಯಲ್ಲಿ ಮಣ್ಣಿದೆ. ಕೆಳಗಿನ ಕೇರಿಯಲ್ಲಿ ಪೈಪು ಮೋರಿಯೊಳಗೇ ಮಲಗಿದೆ. ಊರಿನ ಮೋರಿಯೆಲ್ಲ ಎಲ್ಲಿಗೆ ಇಳೀತದೋ ಅಲ್ಲೇ ನಮಗೆ ಸೈಟು ಕೊಟ್ಟಿದ್ದಾರೆ. ಊರಿನ ಎತ್ತರ ತಗ್ಗು ಹರಿಹಂಚಿಕೆ ಮಾಡಿದವರು ಯಾರು, ಯಾವಾಗ ಅಂತ ಬೇರೆ ಹೇಳಬೇಕಾ? ಆದ್ದರಿಂದ ಟ್ಯಾಂಕಿನ ಬುಡದಲ್ಲಿ ಪರೀಕ್ಷೆ ಮಾಡಿ "ನೀರು ಶುದ್ಧವಾಗಿದೆ" ಅಂತ ಬರೆದ ಸರ್ಟಿಫಿಕೇಟು ಪೂರ್ತಿ ನಿಜವೂ ಹೌದು, ನಮ್ಮ ಮಟ್ಟಿಗೆ ಪೂರ್ತಿ ಸುಳ್ಳೂ ಹೌದು.

ಆ ವಾಲ್ವ್‌ಮನ್ ಮಾವನ ಅಜ್ಜ ಹಳ್ಳಿಯಲ್ಲಿ ನೀರುಗಂಟಿ. ಹಳೇ ಮೈಸೂರಿನ ಎಷ್ಟೋ ಊರುಗಳಲ್ಲಿ ಕೆರೆ ತೂಬು ಎತ್ತಿ, ಕಾಲುವೆ ಕಾದು, ಗೌಡನ ಗದ್ದೆಗೂ ಶಾನುಭೋಗರ ಗದ್ದೆಗೂ ದೇವರ ಮಾನ್ಯಕ್ಕೂ ನೀರು ಹಂಚುತ್ತಿದ್ದವನು ನಮ್ಮವನು. ಅವನ ಕೈ ಮುಟ್ಟಿದ ನೀರಿನಿಂದ ಬೆಳೆದ ಭತ್ತ ಮೈಲಿಗೆಯಲ್ಲ. ಅವನೇ ಊರಬಾವಿಯ ಹಗ್ಗ ಮುಟ್ಟಿದರೆ ಮೈಲಿಗೆ!

ಈಗ "ನೀರಿನ ವಿಷಯಕ್ಕೂ ಜಾತಿ ತರ್ತೀರಲ್ರೀ" ಅನ್ನೋ ಸಂಭಾವಿತರಿಗೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಮಹಾಡದ ಚವದಾರ ಕೆರೆಗೆ ಹೋಗಿ ನೀರು ಕುಡಿದರು. ಪುರಸಭೆ 1924ರಲ್ಲೇ ಆ ಕೆರೆಯನ್ನು ಎಲ್ಲರಿಗೂ ತೆರೆದಿತ್ತು, ಕಾಗದದ ಮೇಲೆ. ಅಸ್ಪೃಶ್ಯರು ಕುಡಿದ ಮೇಲೆ ಸವರ್ಣೀಯರು ಮಾಡಿದ್ದೇನು? 108 ಗಡಿಗೆಯಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಕಲಸಿ ಕೆರೆಗೆ ಸುರಿದು "ಶುದ್ಧ" ಮಾಡಿದರು. 2022ರ ನವೆಂಬರಿನಲ್ಲಿ ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ ಒಬ್ಬ ದಲಿತ ಹೆಣ್ಣುಮಗಳು ತೊಂಬೆ ನಲ್ಲಿಯಲ್ಲಿ ನೀರು ಕುಡಿದಳು ಅಂತ ತೊಂಬೆ ಖಾಲಿ ಮಾಡಿಸಿ ಗಂಜಲ ಹಾಕಿ ತೊಳೆದರು. ನಡುವೆ 95 ವರ್ಷ. ಅದೇ ವರ್ಷ ಡಿಸೆಂಬರಿನಲ್ಲಿ ತಮಿಳುನಾಡಿನ ವೇಂಗೈವಾಯಲ್‌ನಲ್ಲಿ ದಲಿತರ ಕೇರಿಗೆ ನೀರು ಕೊಡೋ ಓವರ್‌ಹೆಡ್ ಟ್ಯಾಂಕಿನಲ್ಲಿ ಮನುಷ್ಯರ ಮಲ ಸಿಕ್ಕಿತು. ಜಾತಿಯನ್ನು ನೀರಿನೊಳಕ್ಕೆ ತಂದವರು ಯಾರು ಸ್ವಾಮಿ?

ನಗು ಬರೋ ಸಂಗತಿ ಏನಂದರೆ, ನೀರು ಕೆಟ್ಟಿದೆ ಅಂತ ಪ್ರಯೋಗಾಲಯದಲ್ಲಿ ಗುರುತಿಸೋದೇ ಇ. ಕೋಲಿ ಅನ್ನೋ ಸೂಕ್ಷ್ಮಾಣು ನೋಡಿ. 100 ಮಿಲಿಲೀಟರಿನಲ್ಲಿ ಅದು ಒಂದೂ ಇರಕೂಡದು. ಅದು ವಾಸ ಮಾಡೋದು ಮನುಷ್ಯರ, ದನಗಳ ಕರುಳಿನಲ್ಲಿ. ಹೊರಗೆ ಬರೋದು ಮಲದಲ್ಲಿ, ಸಗಣಿಯಲ್ಲಿ. ಮಹಾಡದ ಕೆರೆ ನಿಜವಾಗಿ ಕೆಟ್ಟಿದ್ದು ಯಾವತ್ತು, ನಮ್ಮವರು ಬೊಗಸೆ ಇಟ್ಟ ದಿನವೋ, 108 ಗಡಿಗೆ ಬಿದ್ದ ದಿನವೋ? ಮಡಿಗೂ ಚೊಕ್ಕಟಕ್ಕೂ ಸಂಬಂಧವೇ ಇಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ಸಂಗಮದಲ್ಲಿ ಒಂದು ಗಳಿಗೆ ನಿಂತು ನೋಡಿ. ಅಸ್ಥಿ ಬಿಡೋರು, ಪಿಂಡ ಬಿಡೋರು, ಸತ್ತವರ ಬಟ್ಟೆ ಬಿಡೋರು, ಅದೇ ನೀರನ್ನು ತೀರ್ಥ ಅಂತ ತಲೆಗೆ ಪ್ರೋಕ್ಷಿಸಿಕೊಳ್ಳೋರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ನದಿಪಾತ್ರಗಳು ಕೆಟ್ಟಿವೆ ಅಂತ ಪಟ್ಟಿ ಮಾಡಿತಲ್ಲ, ಅದರಲ್ಲಿ ಕರ್ನಾಟಕದ್ದು 17, ಕಾವೇರಿಯೂ ಒಂದು. ತಾಯಿ ಅಂತಾರೆ, ತಾಯಿಯ ಮೈಮೇಲೆ ಪೇಟೆ ಕಕ್ಕಸು ಬಿಡ್ತಾರೆ.

ಕೆಟ್ಟ ನೀರು ಕೊಲ್ತದೆ ಅಂತ ನಾನು ಕವಿತೆ ಕಟ್ಟಿ ಹೇಳ್ತಿಲ್ಲ. 2022ರ ಮೇ, ಜೂನಿನಲ್ಲಿ ರಾಯಚೂರು ನಗರದ ನಲ್ಲಿ ನೀರು ಕುಡಿದು ಜನ ಸತ್ತರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಮ್ಮವರೇ ಸತ್ತರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. 2024ರ ಮೇನಲ್ಲಿ ಪಕ್ಕದ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ವಾಂತಿಭೇದಿ ಹತ್ತಿ ನಮ್ಮ ವಯಸ್ಸಿನ ಒಬ್ಬ ಹುಡುಗ ಹೋದ. ಅದಕ್ಕೂ ಒಂದು ತಿಂಗಳ ಮುಂಚೆ ಬೆಂಗಳೂರು ಮೆಡಿಕಲ್ ಕಾಲೇಜಿನ ಹೆಣ್ಮಕ್ಕಳ ಹಾಸ್ಟೆಲಿನಿಂದ 47 ಮಂದಿ ಒಟ್ಟಿಗೆ ಆಸ್ಪತ್ರೆಗೆ ಬಿದ್ದರು. ಡಾಕ್ಟರಾಗೋರ ಹಾಸ್ಟೆಲಿಗೇ ಈ ಗತಿ. ಸತ್ತ ಮೇಲೆ ಟ್ಯಾಂಕರ್ ಬರ್ತದೆ, ಮಂತ್ರಿ ಬರ್ತಾರೆ, ಪರಿಹಾರದ ಚೆಕ್ಕು ಬರ್ತದೆ, ಬ್ಲೀಚಿಂಗ್ ಪೌಡರೂ ಬರ್ತದೆ.

ನಮ್ಮ ಸಂಗಾತಿಗಳಲ್ಲೇ ಕೆಲವರು ಹೇಳ್ತಾರೆ: "ಭೂಮಿ ಇದೆ, ದೌರ್ಜನ್ಯ ಇದೆ, ಮೀಸಲಾತಿ ಇದೆ. ಕ್ಲೋರಿನ್ನು ಗೀರಿನ್ನು ಕ್ಲಬ್ಬಿನೋರ ಕೆಲಸ ಕಣಯ್ಯ." ಅಣ್ಣಂದಿರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಒಪ್ಪಲ್ಲ. ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಟ್ಟು ಹೇಳ್ತದೆ, ಯಾರನ್ನೂ ತಡೆಯೋ ಹಾಗಿಲ್ಲ ಅಂತ. ಅಪ್ಪ ಅಜ್ಜಂದಿರು ಹೊಡೆತ ತಿಂದು ಬಾವಿ ಮುಟ್ಟಿದರು. ಅವರು ಮುಟ್ಟೋ ಹೊತ್ತಿಗೆ ಅನುಕೂಲಸ್ಥರು ಬಾವಿ ಬಿಟ್ಟು ಎದ್ದುಹೋದರು, ಮನೆಯೊಳಕ್ಕೆ ಬೋರು, ಮನೆಯೊಳಕ್ಕೆ ಫಿಲ್ಟರು. ಈಗ ನಲ್ಲಿ ನಮ್ಮ ಬಾಗಿಲಿಗೂ ಬಂದಿದೆ, ಮುಟ್ಟಬೇಡ ಅನ್ನೋರಿಲ್ಲ. ಮುಟ್ಟಿದ್ದಾಯಿತು, ಕುಡಿಯೋ ಹಾಗಿದೆಯಾ ಅನ್ನೋ ಪ್ರಶ್ನೆ ಕೇಳೋದು ಚಳವಳಿಯ ಕೆಲಸವಲ್ಲದೆ ಇನ್ಯಾರದು? ಶುದ್ಧ ನೀರು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ.

ನಮ್ಮ ಹಾಸ್ಟೆಲಿನಲ್ಲಿ ಒಂದು ದಿನ ನಾವು ನಾಲ್ಕು ಜನ ಸೇರಿ ಸಂಪಿನ ಮುಚ್ಚಳ ಎತ್ತಿದ್ವಿ. ಗೋಡೆಗೆಲ್ಲ ಪಾಚಿ, ತಳದಲ್ಲಿ ಪಾದ ಮುಳುಗೋಷ್ಟು ಕೆಸರು, ಒಂದು ಮೂಲೆಯಲ್ಲಿ ಹಾವಸೆ ಹಿಡಿದ ಚಪ್ಪಲಿ. ವಾರ್ಡನ್‌ಗೆ ಹೇಳಿದರೆ ಅವರಂದರು: "ಯಾಕ್ರೋ, ನಿಮ್ಮನೇಲಿ ಇದಕ್ಕಿಂತ ಒಳ್ಳೇ ನೀರು ಕುಡೀತಿದ್ರಾ?"

ಇಲ್ಲ ಸಾರ್, ಕುಡೀತಿರಲಿಲ್ಲ. ಅದಕ್ಕೇ ಕೇಳ್ತಿರೋದು.

ಅವತ್ತು ಅವರ ಮುಂದೆ ಈ ಮಾತು ಬಾಯಿಗೆ ಬರಲಿಲ್ಲ, ಹಲ್ಲು ಕಾಣ್ತದೆ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಈಗ ಹೇಳ್ತಿದ್ದೀನಿ. ಸಂಪು ನಾವೇ ತೊಳೆದ್ವಿ ಅನ್ನಿ, ಅದನ್ನೇನು ದೊಡ್ಡದಾಗಿ ಹೇಳಿಕೊಳ್ಳಲ್ಲ. ತೊಳೆಸಬೇಕಾದೋರು ಅವರು.

ಗೊತ್ತಿರಬೇಕಾದ್ದು ಸ್ವಲ್ಪ ಇದೆ. ಸಾವಿರ ಲೀಟರ್ ನೀರಿಗೆ ಎರಡೂವರೆ ಗ್ರಾಂ ಒಳ್ಳೇ ಬ್ಲೀಚಿಂಗ್ ಪೌಡರ್ ಸಾಕು, ಹತ್ತು ಸಾವಿರದ ಸಂಪಿಗೆ 25 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಸಂಪಿಗೆ ಹಾಕಿ ಒಂದು ಗಂಟೆ ಬಿಡಬೇಕು. ಮೂಟೆ ಬಾಯಿ ಬಿಚ್ಚಿಟ್ಟ ಪೌಡರ್ ಸತ್ವ ಹೋಗಿರ್ತದೆ, ಅದನ್ನು ಸುರಿದರೆ ರಂಗೋಲಿ ಹಾಕಿದಂಗೆ. ಮಾನಕದ ಪ್ರಕಾರ ನಲ್ಲಿಯ ತುದಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಟ್ಯಾಂಕಿನ ಬುಡದಲ್ಲಲ್ಲ, ಕೇರಿಯ ಕೊನೇ ನಲ್ಲಿಯಲ್ಲಿ ಅಳೀರಿ ಅಂತ ಕೇಳಿ. ಹಳ್ಳಿಯಲ್ಲಾದರೆ ಪಂಚಾಯಿತಿಗೆ ನೀರು ಪರೀಕ್ಷೆಯ ಕಿಟ್ ಕೊಡಬೇಕು, ಊರಿಗೆ ಐವರು ಹೆಣ್ಮಕ್ಕಳಿಗೆ ತರಬೇತಿ ಕೊಡಬೇಕು ಅನ್ನೋದು ಜಲ ಜೀವನ ಮಿಷನ್ನಿನ ನಿಯಮ. ನಿಮ್ಮೂರಲ್ಲಿ ಆ ಐವರು ಯಾರು, ಅದರಲ್ಲಿ ಕೇರಿಯೋರು ಎಷ್ಟು? ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಕಳೆದ ಒಂದು ವರ್ಷ ಯಾವ ಯಾವ ನಲ್ಲಿಯ ನೀರು ಪರೀಕ್ಷೆ ಆಯಿತು ಅಂತ ಪಟ್ಟಿ ತರಿಸಿ. ಆ ಪಟ್ಟಿಯಲ್ಲಿ ಕೇರಿಯ ಹೆಸರಿದೆಯಾ ನೋಡಿ.

ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರೂ ನಿಮ್ಮೂರಿನ, ನಿಮ್ಮ ಹಾಸ್ಟೆಲಿನ ನೀರು ಒಂದು ಲೀಟರ್ ಹಿಡಿದು ತನ್ನಿ. ಪ್ಲಾಸ್ಟಿಕ್ ಬಾಟಲಿ, ಅದೇ ನೀರಿನಲ್ಲಿ ಮೂರು ಸಲ ಜಾಲಾಡಿಸಿ ತುಂಬಬೇಕು. ಚೀಟಿಯಲ್ಲಿ ಊರು, ಕೇರಿ, ಬೋರೋ ನಲ್ಲಿಯೋ, ಹಿಡಿದ ದಿನ ಬರೀರಿ. ಇದು ಫ್ಲೋರೈಡು, ನೈಟ್ರೇಟು ನೋಡೋಕೆ. ಕ್ರಿಮಿ ಪರೀಕ್ಷೆಗೆ ಬೇರೆ ಬಾಟಲಿ ಬೇಕು, ಪ್ರಯೋಗಾಲಯದವರೇ ಶುದ್ಧ ಮಾಡಿ ಕೊಡ್ತಾರೆ, ಹಿಡಿದು 24 ಗಂಟೆಯೊಳಗೆ ತಣ್ಣಗಿಟ್ಟು ತಲುಪಿಸಬೇಕು. ಅದಕ್ಕೆ ಪೇಟೆಗೆ ಇಬ್ಬರಂತೆ ನಾಲ್ಕು ಪೇಟೆಗೆ ಎಂಟು ಜನ, ಬೈಕ್ ಇರೋರು, ಹೆಸರು ಕೊಡಿ. ಪ್ರಯೋಗಾಲಯದ ಶುಲ್ಕಕ್ಕೆ ಈ ಸಂಚಿಕೆ ಮಾರಿದ ದುಡ್ಡಿನಲ್ಲಿ ಒಂದಿಷ್ಟು ಎತ್ತಿಟ್ಟಿದ್ದೀವಿ.

ನಾಗಮಂಗಲ ಕಡೆಯ ಒಂದು ಬಾಟಲಿ ನನ್ನದು. ಹೋದ ವಾರ ಊರಿಗೆ ಹೋದಾಗ ಅವ್ವ ಬೋರಿಂದ ಹಿಡಿದುಕೊಟ್ಟಳು. "ಇದನ್ನ ಯಾರಿಗ್ ಕುಡುಸ್ತೀಯಪ್ಪಾ?" ಅಂದಳು.