ರಕ್ತ ಕಡಿಮೆ, ಕಬ್ಬಿಣ ಜಾಸ್ತಿ!

ಮಗುವಿನ ಮುಖ ಬಿಳಿಚಿಕೊಂಡಿದ್ದರೆ ನೋಡಿದವರೆಲ್ಲ ವೈದ್ಯರೇ. 'ರಕ್ತ ಕಡಿಮೆ ಇದೆ, ಟಾನಿಕ್ ಕುಡಿಸಿ' ಎನ್ನುವವರು ಒಬ್ಬರಾದರೆ, 'ದಿನಾ ಖರ್ಜೂರ, ನುಗ್ಗೆಸೊಪ್ಪು ಕೊಡಿ' ಎನ್ನುವವರು ಇನ್ನೊಬ್ಬರು. ರಕ್ತಹೀನತೆಗೆ ಕಬ್ಬಿಣಾಂಶದ ಕೊರತೆಯೇ ಬಹು ಸಾಮಾನ್ಯ ಕಾರಣ. ಹಾಗಾಗಿ ಈ ಮಾತು ಅನೇಕ ಮಕ್ಕಳಿಗೆ ಒಪ್ಪುತ್ತದೆ. ಆದರೆ ಥಲಸ್ಸೇಮಿಯಾ ಇರುವ ಮಗುವಿಗೆ ಇದೇ ಸಲಹೆ ಅಪಾಯಕಾರಿ. ಆ ಮಗುವಿನ ದೇಹದಲ್ಲಿ ರಕ್ತ ಕಡಿಮೆ, ಕಬ್ಬಿಣ ಜಾಸ್ತಿ! ಇದು ಹೇಗೆ?

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್‌ನಲ್ಲಿ ಎರಡು ಭಾಗಗಳಿವೆ. ಒಂದು, ಕಬ್ಬಿಣವಿರುವ ಹೀಮ್. ಇನ್ನೊಂದು, ಗ್ಲೋಬಿನ್ ಎಂಬ ಪ್ರೋಟೀನು. ಈ ಪ್ರೋಟೀನಿನಲ್ಲಿ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳಿರುತ್ತವೆ. ಬೀಟಾ ಥಲಸ್ಸೇಮಿಯಾದಲ್ಲಿ ಬೀಟಾ ಸರಪಳಿ ತಯಾರಾಗುವುದೇ ಇಲ್ಲ, ಇಲ್ಲವೇ ತೀರ ಕಡಿಮೆ ತಯಾರಾಗುತ್ತದೆ. ಇದು ತಂದೆ ತಾಯಿಯರಿಂದ ಬರುವ ಅನುವಂಶೀಯ ದೋಷ. ಊಟದ ಕೊರತೆಯಿಂದ ಬಂದದ್ದಲ್ಲ. ಗೋಡೆ ಕಟ್ಟಲು ಕಲ್ಲೂ ಬೇಕು, ಗಾರೆಯೂ ಬೇಕು. ಗಾರೆಯೇ ಇಲ್ಲದ ಕಡೆ ಮತ್ತೆ ಮತ್ತೆ ಕಲ್ಲು ತಂದು ಸುರಿದರೆ ಅಂಗಳ ತುಂಬೀತೇ ಹೊರತು ಗೋಡೆ ಏಳದು.

ಒಂದು ಸಣ್ಣ ಲೆಕ್ಕ

ಕಾಯಿಲೆ ತೀವ್ರವಾಗಿರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕಾಗುತ್ತದೆ. ವಿದ್ಯಾರ್ಥಿ ಮಿತ್ರರೇ, ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಯೂನಿಟ್ ರಕ್ತದಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣವಿರುತ್ತದೆ. ವರ್ಷಕ್ಕೆ 20 ಯೂನಿಟ್ ಕೊಟ್ಟರೆ ಒಳಗೆ ಸೇರಿದ್ದು 4ರಿಂದ 5 ಗ್ರಾಂ. ಆರೋಗ್ಯವಂತ ವಯಸ್ಕರ ಇಡೀ ದೇಹದಲ್ಲಿ ಇರುವುದೇ 3ರಿಂದ 4 ಗ್ರಾಂ! ಹೊರಗೆ ಹೋಗುವುದಾದರೋ ದಿನಕ್ಕೆ 1 ಮಿಲಿಗ್ರಾಂ ಆಸುಪಾಸು, ವರ್ಷಕ್ಕೆ ಅರ್ಧ ಗ್ರಾಂ ಕೂಡ ಇಲ್ಲ. ಕಬ್ಬಿಣವನ್ನು ಹೊರದೂಡುವ ವ್ಯವಸ್ಥೆ ನಮ್ಮ ದೇಹದಲ್ಲಿಲ್ಲ.

ಉಳಿದದ್ದೆಲ್ಲ ಯಕೃತ್ತು, ಹೃದಯ, ಮೇದೋಜೀರಕ ಗ್ರಂಥಿ, ಪಿಟ್ಯುಟರಿ ಗ್ರಂಥಿಗಳಲ್ಲಿ ಶೇಖರವಾಗುತ್ತದೆ. ಇದರಿಂದ ಹೃದಯ ದುರ್ಬಲವಾಗಬಹುದು, ಸಕ್ಕರೆ ಕಾಯಿಲೆ ಬರಬಹುದು, ಎತ್ತರ ಕುಂಠಿತವಾಗಬಹುದು. ಮಗು ಬೆಳೆಯುತ್ತಿಲ್ಲವೆಂದು ಕಬ್ಬಿಣದ ಟಾನಿಕ್ ಕುಡಿಸಿದರೆ, ಬೆಳವಣಿಗೆಗೆ ಅಡ್ಡಿಯಾದ ವಸ್ತುವನ್ನೇ ಮತ್ತಷ್ಟು ಕೊಟ್ಟಂತೆ. ಶೇಖರವಾದ ಕಬ್ಬಿಣವನ್ನು ಹೊರತೆಗೆಯುವುದು ವೈದ್ಯರು ಕೊಡುವ ಔಷಧಿಯೇ ಹೊರತು ಪಥ್ಯವಲ್ಲ. ಆ ಔಷಧಿಯನ್ನು ಒಂದು ದಿನವೂ ತಪ್ಪಿಸದಿರುವುದು ಎಲ್ಲ ಪಥ್ಯಕ್ಕಿಂತ ದೊಡ್ಡದು.

ಶಾಲೆಯ ಮಾತ್ರೆ

ಪ್ರೌಢಶಾಲೆಗಳಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುವುದು ನಿಮಗೆ ಗೊತ್ತು. ರಕ್ತಹೀನತೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮದಂತೆ ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತವೆ. ಇದು ಒಳ್ಳೆಯ ಕಾರ್ಯಕ್ರಮ. ಉಳಿದ ಮಕ್ಕಳು ಹೆದರದೆ ನುಂಗಬೇಕು. ಆದರೆ ಥಲಸ್ಸೇಮಿಯಾ ತೀವ್ರವಾಗಿರುವ ಮಕ್ಕಳಿಗೆ, ಪದೇ ಪದೇ ರಕ್ತ ಪಡೆಯುವ ಮಕ್ಕಳಿಗೆ ಕೊಡಬಾರದೆಂದು ಅದೇ ಕಾರ್ಯಕ್ರಮದ ಸೂಚನೆಯಿದೆ. ಪೋಷಕರೇ, ಕಾಯಿಲೆಯನ್ನು ಮುಚ್ಚಿಡಬೇಡಿ. ವೈದ್ಯರಿಂದ ಒಂದು ಚೀಟಿ ಬರೆಸಿ ತರಗತಿಯ ಶಿಕ್ಷಕರಿಗೆ ಕೊಡಿ. ಶಿಕ್ಷಕರಿಗೆ ವಿಷಯ ತಿಳಿಯದಿದ್ದರೆ 'ಹಟ ಮಾಡುತ್ತಾನೆ' ಎಂದು ಎದುರಿಗೇ ನಿಂತು ನುಂಗಿಸುವ ಸಂಭವ ಉಂಟು.

ತಟ್ಟೆಯಲ್ಲಿ ಏನಿರಬೇಕು?

ಹಾಗೆಂದು ಮಗುವಿಗೆ ಸೊಪ್ಪು, ಬೇಳೆ ಎಲ್ಲವನ್ನೂ ನಿಲ್ಲಿಸಿ ಉಪವಾಸ ಕೆಡವಬೇಡಿ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ಮನೆಮಂದಿ ಉಣ್ಣುವ ಅನ್ನ, ಮುದ್ದೆ, ಸಾರು, ಪಲ್ಯ, ಮಜ್ಜಿಗೆ ಸಾಕು. ಬಿಡಬೇಕಾದವು ಇವು: ಮಾಂಸಾಹಾರಿಗಳ ಮನೆಯಲ್ಲಿ ಕುರಿ, ಕೋಳಿಯ ಈಲಿ; ಕಬ್ಬಿಣ ಬೆರೆಸಿದ ಪೌಷ್ಟಿಕ ಪುಡಿಗಳು; ಹುಳಿ ಪದಾರ್ಥಗಳನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸುವುದು. ಡಬ್ಬಿಯ ಮೇಲಿನ ಚೀಟಿ ಓದುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಕಡಿಮೆ ಹೀರಲ್ಪಡುತ್ತದೆ. ಬೇರೆಯವರಿಗೆ ಬೇಡವೆನ್ನುವ ಈ ಅಭ್ಯಾಸ ಇಲ್ಲಿ ಉಪಕಾರಿ.

ಮೂಳೆಗಳು ಟೊಳ್ಳಾಗುವುದು ಈ ಕಾಯಿಲೆಯ ಇನ್ನೊಂದು ತೊಂದರೆ. ಅದಕ್ಕೆ ಸುಣ್ಣದ ಅಂಶ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು, ಮೊಸರು ಜೊತೆಗಿರಲಿ. ಮಗು ಬಿಸಿಲಿನಲ್ಲಿ ಆಡಲಿ.

ವಿಟಮಿನ್ ಗುಳಿಗೆಗಳ ವಿಷಯ

'ವಿಟಮಿನ್ ತಾನೇ, ಏನೂ ಆಗುವುದಿಲ್ಲ' ಎಂಬ ಮಾತು ಇಲ್ಲಿ ನಡೆಯದು. ಮುಖ್ಯವಾಗಿ ಸಿ ಜೀವಸತ್ವ. ಅದು ಕರುಳಿನಲ್ಲಿ ಕಬ್ಬಿಣದ ಹೀರುವಿಕೆಯನ್ನು ಹೆಚ್ಚಿಸುತ್ತದೆ. ಶೇಖರವಾದ ಕಬ್ಬಿಣವನ್ನೂ ಕದಲಿಸುತ್ತದೆ. ಔಷಧಿಯಿಲ್ಲದೆ ಹಾಗೆ ಸಡಿಲಗೊಂಡ ಕಬ್ಬಿಣ ಹೃದಯಕ್ಕೆ ಹಾನಿ ಮಾಡಬಲ್ಲದು. ಡೆಸ್ಫೆರಾಲ್ ಚುಚ್ಚುಮದ್ದು ಪಡೆಯುವವರಿಗೆ ವೈದ್ಯರು ಇದನ್ನೇ ಅಲ್ಪ ಪ್ರಮಾಣದಲ್ಲಿ ಕೊಡುವುದುಂಟು. ಕದಲಿದ ಕಬ್ಬಿಣವನ್ನು ಮದ್ದು ಹಿಡಿದು ಹೊರಗೊಯ್ಯುತ್ತದೆ. ಅಂದರೆ ಗುಳಿಗೆ ಒಂದೇ, ಫಲ ಎರಡು. ಕಿತ್ತಳೆ, ಸೀಬೆಹಣ್ಣು ತಿನ್ನಲಿ, ಆದರೆ ಊಟದ ಜೊತೆ ಬೇಡ, ಊಟಗಳ ನಡುವೆ ಇರಲಿ.

ಫೋಲಿಕ್ ಆಮ್ಲದ ಕಥೆ ಬೇರೆ. ಎಡೆಬಿಡದೆ ದುಡಿಯುವ ಅಸ್ಥಿಮಜ್ಜೆ ಅದನ್ನು ಬೇಗ ಮುಗಿಸುತ್ತದೆ. ಆದ್ದರಿಂದ ರಕ್ತ ಅಪರೂಪಕ್ಕೆ ಪಡೆಯುವವರಿಗೆ ಇದರ ಅಗತ್ಯ ಹೆಚ್ಚು. ಕಬ್ಬಿಣ ತೆಗೆಯುವ ಕೆಲವು ಔಷಧಿಗಳು ಸತುವನ್ನೂ ಕೊಂಡೊಯ್ಯುತ್ತವೆ. ಸತು, ಡಿ ಜೀವಸತ್ವಗಳನ್ನು ಪರೀಕ್ಷೆ ಮಾಡಿಸಿಯೇ ಕೊಡಬೇಕು. ಔಷಧಿ ಅಂಗಡಿಯಲ್ಲಿ 'ಮಲ್ಟಿವಿಟಮಿನ್' ಕೊಳ್ಳುವಾಗ ಅದರಲ್ಲಿ ಕಬ್ಬಿಣ ಇದೆಯೇ ನೋಡಿ.

ಇನ್ನೊಂದು ಮಾತು. ದೋಷದ ಒಂದೇ ಪ್ರತಿ ಪಡೆದ 'ವಾಹಕರು' ಆರೋಗ್ಯವಾಗಿಯೇ ಇರುತ್ತಾರೆ. ಹಿಮೋಗ್ಲೋಬಿನ್ ಮಾತ್ರ ತುಸು ಕಡಿಮೆ. ಕೊರತೆಯೆಂದು ತಿಳಿದು ವರ್ಷಗಟ್ಟಲೆ ಕಬ್ಬಿಣ ನುಂಗುವವರಿದ್ದಾರೆ. ಮಾತ್ರೆಗೆ ಜಗ್ಗದ ರಕ್ತಹೀನತೆ ಕಂಡರೆ ವೈದ್ಯರನ್ನು ಕೇಳಿ ಫೆರಿಟಿನ್ ಮತ್ತು ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸಿ. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಹೆರಿಗೆಯಲ್ಲೂ ಕಾಯಿಲೆಯ ಮಗು ಹುಟ್ಟುವ ಸಂಭವ ನಾಲ್ಕರಲ್ಲಿ ಒಂದು. ಹತ್ತನೆಯ ತರಗತಿಯಲ್ಲಿ ಮೆಂಡಲನ ಬಟಾಣಿ ಗಿಡದ ಚೌಕ ಬರೆಯುವಾಗ ಇದನ್ನು ನೆನಪಿಡಿ. ಆ ಚೌಕದ ಒಂದು ಮನೆಯಲ್ಲಿ ನಿಮ್ಮ ಪಕ್ಕದ ಬೆಂಚಿನ ಗೆಳೆಯನೂ ಇರಬಹುದು.