ಯಾರಿಗೆ ಪ್ರಶಸ್ತಿ?

ಮಾರಿಕುಪ್ಪದಿಂದ ಹೊರಟು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ರೈಲುಗಾಡಿಯಲ್ಲಿ ದಿನವೂ ಓಡಾಡುವವರಿಗೆ ಮಾತಿನ ಬರವೆಂಬುದಿಲ್ಲ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಆ ಪ್ರದೇಶದ ಸಾವಿರಾರು ಜನ ಹೊಟ್ಟೆಪಾಡಿಗಾಗಿ ಈ ಗಾಡಿಯನ್ನೇ ನಂಬಿಕೊಂಡಿದ್ದಾರೆ. ನಸುಕಿನಲ್ಲಿ ಹೊರಟು ಕತ್ತಲಾದ ಮೇಲೆ ಮನೆ ಸೇರುವ ಈ ಮಂದಿ ದಾರಿಯುದ್ದಕ್ಕೂ ಭವಿಷ್ಯ ನುಡಿಯುತ್ತಿರುತ್ತಾರೆ. ಈ ಸಲ ಮಳೆ ಆದೀತೇ, ಚುನಾವಣೆಯಲ್ಲಿ ಯಾರು ಗೆದ್ದಾರು, ಟೊಮೇಟೊ ಬೆಲೆ ಎಲ್ಲಿಗೆ ಏರೀತು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಹೇಳದವರಿಲ್ಲ. ವರ್ಷದಲ್ಲಿ ಒಂದೆರಡು ದಿನ ಇವೆಲ್ಲವನ್ನೂ ಹಿಂದಕ್ಕೆ ತಳ್ಳಿ ಮತ್ತೊಂದು ಪ್ರಶ್ನೆ ಮುಂದೆ ಬರುತ್ತದೆ: ಚಲನಚಿತ್ರ ಪ್ರಶಸ್ತಿ ಯಾರಿಗೆ?

2024ರ ಆಗಸ್ಟ್ 16ರ ಸಂಜೆ ಅಂಥದೊಂದು ಚರ್ಚೆಯ ನಡುವೆ ನಾನು ಕುಳಿತಿದ್ದೆ. 2022ನೆಯ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಅಂದು ಪ್ರಕಟವಾಗಿದ್ದವು. ‘ಕೆಜಿಎಫ್’ ಚಿತ್ರದ ಎರಡನೆಯ ಭಾಗಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆಯೂ ಸಾಹಸ ನಿರ್ದೇಶನದ ಪ್ರಶಸ್ತಿಯೂ ದೊರೆತಿದ್ದವು. ‘ಕಾಂತಾರ’ ಚಿತ್ರದ ರಿಷಬ್ ಶೆಟ್ಟಿಯವರು ಅತ್ಯುತ್ತಮ ನಟರೆನಿಸಿದ್ದರು. ಇಡೀ ಡಬ್ಬಿ ಸಂಭ್ರಮದಲ್ಲಿತ್ತು. ತಮ್ಮ ಊರಿನ ಹೆಸರನ್ನೇ ಹೊತ್ತ ಚಿತ್ರವಲ್ಲವೇ! ಆದರೆ ನನ್ನ ಎದುರಿಗೆ ಕುಳಿತಿದ್ದ ಕಾಲೇಜು ಹುಡುಗನೊಬ್ಬ ಮಾತ್ರ ಮುಖ ಸಪ್ಪಗೆ ಮಾಡಿಕೊಂಡಿದ್ದ. ಕಾರಣ ಕೇಳಿದೆ. “ಈ ಸಲವೂ ನನ್ನ ಲೆಕ್ಕ ತಪ್ಪಿತು ಸಾರ್” ಎಂದ.

ಅವನ ಲೆಕ್ಕದ ಕಥೆ ಹೀಗಿತ್ತು. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಮೊದಲ ಭಾಗ ತೆರೆಗೆ ಬಂದಾಗ ಅವನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ. ತಾನು ಆಡಿ ಬೆಳೆದ ಸೈನೈಡ್ ದಿಬ್ಬಗಳ ಮೇಲೆ ಚಿತ್ರೀಕರಣ ನಡೆದದ್ದನ್ನು ಬಲ್ಲವನು. ಮುಂದಿನ ವರ್ಷ ರಾಷ್ಟ್ರಪ್ರಶಸ್ತಿಯ ಮಾತು ಬಂದಾಗ, ಅತ್ಯುತ್ತಮ ಕನ್ನಡ ಚಿತ್ರದ ಪ್ರಶಸ್ತಿ ಇದಕ್ಕಲ್ಲದೆ ಇನ್ನಾವುದಕ್ಕೂ ಬಾರದೆಂದು ಐವರು ಗೆಳೆಯರೊಡನೆ ಬಂಗಾರಪೇಟೆಯ ಪಾನಿಪೂರಿಯ ಪಣ ಕಟ್ಟಿದ. 2019ರ ಆಗಸ್ಟ್ 9ರಂದು ಫಲಿತಾಂಶ ಬಂತು. ಆ ಪ್ರಶಸ್ತಿ ‘ನಾತಿಚರಾಮಿ’ ಎಂಬ ಚಿತ್ರದ ಪಾಲಾಗಿತ್ತು. ‘ಕೆಜಿಎಫ್’ಗೆ ಸಾಹಸಕ್ಕೂ ವಿಶೇಷ ದೃಶ್ಯ ಪರಿಣಾಮಗಳಿಗೂ ಪ್ರಶಸ್ತಿ ಬಂದಿತ್ತು, ಅವು ಅವನ ಲೆಕ್ಕದಲ್ಲಿಯೇ ಇರಲಿಲ್ಲ. ಐದು ತಟ್ಟೆ ಪಾನಿಪೂರಿಯ ಹಣ ಹೋದದ್ದು ದೊಡ್ಡ ಮಾತಲ್ಲ. ಅಂದಿನಿಂದ ಆ ಚಿತ್ರ ತನಗೆ ಮೆಚ್ಚುಗೆಯಾಗಿತ್ತೆಂದು ಹೇಳಿಕೊಳ್ಳುವುದಕ್ಕೇ ಅವನು ನಾಚತೊಡಗಿದ. ಜನಪ್ರಿಯ ಚಿತ್ರಗಳಿಗೆ ತೀರ್ಪುಗಾರರು ಮಣೆ ಹಾಕುವುದಿಲ್ಲವೆಂಬ ‘ಪಾಠ’ವನ್ನೂ ಕಲಿತ. ಆ ಪಾಠದ ಬಲದ ಮೇಲೆ 2024ರಲ್ಲಿ ಎರಡನೆಯ ಭಾಗಕ್ಕೆ ಏನೂ ಬಾರದೆಂದು ಸಾರಿದ. ಅದೂ ಸುಳ್ಳಾಯಿತು.

“ಹೋಗಲಿ, ಆ ‘ನಾತಿಚರಾಮಿ’ ಹೇಗಿತ್ತು?” ಎಂದು ಕೇಳಿದೆ. ಅವನು ಅದನ್ನು ನೋಡಿಯೇ ಇರಲಿಲ್ಲ. ಐದು ವರ್ಷ ಅದರ ಮೇಲೆ ಸಿಟ್ಟು ಮಾತ್ರ ಇಟ್ಟುಕೊಂಡಿದ್ದ.

ಪ್ರಶಸ್ತಿಯ ಊಹೆ ಕೆಟ್ಟ ಆಟವೆಂದು ನಾನು ಹೇಳಲಾರೆ. ನಾನೂ ಆಡಿದ್ದೇನೆ, ಸೋತಿದ್ದೇನೆ. ಆದರೆ ಈ ಆಟದಲ್ಲಿ ನಾವು ಊಹಿಸುತ್ತಿರುವುದು ಯಾವುದನ್ನು? ಚಿತ್ರದ ಗುಣವನ್ನೆಂದು ತಿಳಿಯುತ್ತೇವೆ. ನಿಜವಾಗಿ ಊಹಿಸುವುದು ಆ ಚಿತ್ರವನ್ನು ನೋಡಲಿರುವ ಕೆಲವು ಜನರ ಮನಸ್ಸನ್ನು. ಇವೆರಡೂ ಬೇರೆ ಬೇರೆ ಎಂಬುದನ್ನು ಮರೆತಾಗಲೇ ಆ ಹುಡುಗನಿಗಾದಂಥ ನಷ್ಟ ಆಗುವುದು.

ರಾಷ್ಟ್ರಪ್ರಶಸ್ತಿಯ ಕ್ರಮವನ್ನೇ ನೋಡಿ. ಆಯಾ ವರ್ಷದ ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಪಡೆದ ಚಿತ್ರಗಳಲ್ಲಿ, ಸ್ಪರ್ಧೆಗೆಂದು ಕಳುಹಿಸಿದವುಗಳು ಮಾತ್ರ ಪರಿಶೀಲನೆಗೆ ಬರುತ್ತವೆ. ದೇಶದ ಭಾಷೆಗಳನ್ನು ಹಂಚಿಕೊಂಡ ಪ್ರಾದೇಶಿಕ ಮಂಡಳಿಗಳು ಮೊದಲು ನೋಡಿ ಆರಿಸುತ್ತವೆ. ಅಲ್ಲಿಂದ ಮುಂದೆ ಹೋದವನ್ನು ಕೇಂದ್ರ ಮಂಡಳಿ ನೋಡಿ ತೀರ್ಮಾನಿಸುತ್ತದೆ. ತೀರ್ಪುಗಾರರು ವರ್ಷದಿಂದ ವರ್ಷಕ್ಕೆ ಬದಲಾಗುತ್ತಾರೆ. ಅಂತಿಮ ಸುತ್ತಿನಲ್ಲಿ ಯಾರು ಯಾರಿದ್ದಾರೆಂಬ ನಾಮನಿರ್ದೇಶನದ ಪಟ್ಟಿ ಪ್ರಕಟವಾಗುವುದಿಲ್ಲ. ಪ್ರಕಟಣೆಯ ದಿನವೂ ನಿಶ್ಚಿತವಲ್ಲ. 2022ರ ಚಿತ್ರಗಳ ಫಲ ತಿಳಿದದ್ದು 2024ರಲ್ಲಿ. ನಮ್ಮ ರಾಜ್ಯದ 2019ನೆಯ ಸಾಲಿನ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ. ಹಾಲಿವುಡ್ಡಿನಲ್ಲಿ ಪ್ರಶಸ್ತಿಗಳಿಗೊಂದು ಋತುವಿದೆಯೆಂದು ಹೇಳುತ್ತಾರೆ. ನಮ್ಮಲ್ಲಿ ಪ್ರಶಸ್ತಿಗಳು ಬರುವುದು ಕೋಲಾರ ಸೀಮೆಗೆ ಮಳೆ ಬಂದಂತೆ. ಆಟಗಾರರು ಯಾರೆಂದು ತಿಳಿಯದೆ, ಆಟ ಯಾವಾಗ ಮುಗಿಯುವುದೆಂದೂ ತಿಳಿಯದೆ ನಾವು ಗೆಲ್ಲುವವರ ಹೆಸರನ್ನು ಘೋಷಿಸುತ್ತಿರುತ್ತೇವೆ.

ಅಮೆರಿಕದ ಅಕಾಡೆಮಿ ಪ್ರಶಸ್ತಿಯಲ್ಲಿ, ಎಂದರೆ ಆಸ್ಕರಿನಲ್ಲಿ, ಊಹೆಗೆ ಹೆಚ್ಚು ಆಧಾರವಿದೆ. ಅಲ್ಲಿ ನಾಮನಿರ್ದೇಶಿತರ ಪಟ್ಟಿ ಮೊದಲೇ ಹೊರಬೀಳುತ್ತದೆ. ನಟರನ್ನು ನಟರೂ ಛಾಯಾಗ್ರಾಹಕರನ್ನು ಛಾಯಾಗ್ರಾಹಕರೂ ನಾಮನಿರ್ದೇಶನ ಮಾಡುತ್ತಾರೆ. ಅಂತಿಮ ಮತವನ್ನು ಎಲ್ಲ ಸದಸ್ಯರೂ ಹಾಕುತ್ತಾರೆ. ಅದಕ್ಕೆ ಮೊದಲು ನಿರ್ದೇಶಕರ, ನಟರ, ನಿರ್ಮಾಪಕರ ಸಂಘಗಳು ತಮ್ಮ ತಮ್ಮ ಪ್ರಶಸ್ತಿಗಳನ್ನು ಕೊಟ್ಟಿರುತ್ತವೆ. ಆ ಸಂಘಗಳ ಎಷ್ಟೋ ಸದಸ್ಯರು ಇಲ್ಲಿಯೂ ಮತದಾರರಾದ್ದರಿಂದ ಗಾಳಿ ಬೀಸುವ ದಿಕ್ಕು ಸ್ವಲ್ಪ ತಿಳಿಯುತ್ತದೆ. ಆದರೂ ಅತ್ಯುತ್ತಮ ಚಿತ್ರದ ಆಯ್ಕೆಯಲ್ಲಿ ಒಂದು ತೊಡಕಿದೆ. ಮತದಾರರು ಒಂದೇ ಚಿತ್ರಕ್ಕೆ ಗುರುತು ಹಾಕುವುದಿಲ್ಲ. ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಸಾಲಾಗಿ ಬರೆಯುತ್ತಾರೆ. ಯಾವ ಚಿತ್ರಕ್ಕೂ ಅರ್ಧಕ್ಕಿಂತ ಹೆಚ್ಚು ಮೊದಲ ಸ್ಥಾನಗಳು ಬಾರದಿದ್ದರೆ ಅತಿ ಕಡಿಮೆ ಪಡೆದ ಚಿತ್ರವನ್ನು ತೆಗೆದುಹಾಕಿ, ಅದರ ಮತಗಳನ್ನು ಆಯಾ ಮತದಾರರ ಮುಂದಿನ ಆಯ್ಕೆಗೆ ಸೇರಿಸುತ್ತಾರೆ. ಬಹುಮತ ಬರುವವರೆಗೂ ಇದೇ ಕ್ರಮ. ಹೀಗಾಗಿ ಕೆಲವರು ಪ್ರಾಣದಂತೆ ಪ್ರೀತಿಸಿ ಉಳಿದವರು ದ್ವೇಷಿಸುವ ಚಿತ್ರಕ್ಕಿಂತ, ಹೆಚ್ಚು ಜನ ‘ಪರವಾಗಿಲ್ಲ’ ಎನ್ನುವ ಚಿತ್ರ ಗೆಲ್ಲುವುದು ಸಾಧ್ಯ. ಇದರಲ್ಲಿ ಅನ್ಯಾಯವೇನೂ ಇಲ್ಲ. ಅದು ಎಣಿಕೆಯ ಒಂದು ರೀತಿ, ಅಷ್ಟೆ.

ಗುಟ್ಟು ಕಾಯುವ ವಿಷಯದಲ್ಲಿ ಅಲ್ಲಿಯವರು ಪಟ್ಟ ಪಾಡು ತಮಾಷೆಯಾದದ್ದು. ಮೊದಲಿಗೆ ಫಲಿತಾಂಶವನ್ನು ಪತ್ರಿಕೆಗಳಿಗೆ ಮುಂಚಿತವಾಗಿಯೇ ಕೊಡುತ್ತಿದ್ದರು. 1940ರಲ್ಲಿ ಲಾಸ್ ಏಂಜಲಿಸಿನ ಪತ್ರಿಕೆಯೊಂದು ಸಮಾರಂಭಕ್ಕೆ ಮೊದಲೇ ಅದನ್ನು ಅಚ್ಚು ಮಾಡಿಬಿಟ್ಟಿತು. ಮರುವರ್ಷದಿಂದ ಮೊಹರು ಮಾಡಿದ ಲಕೋಟೆಯ ಪದ್ಧತಿ ಬಂತು. ಆದರೆ 2017ರಲ್ಲಿ ತಪ್ಪು ಲಕೋಟೆ ವೇದಿಕೆಗೆ ಹೋಗಿ, ‘ಲಾ ಲಾ ಲ್ಯಾಂಡ್’ ಚಿತ್ರದವರು ಬಂದು ಕೃತಜ್ಞತೆಯ ಭಾಷಣ ಆರಂಭಿಸಿದ ಮೇಲೆ, ಗೆದ್ದದ್ದು ‘ಮೂನ್‌ಲೈಟ್’ ಎಂದು ತಿಳಿಸಬೇಕಾಯಿತು. ಲಕೋಟೆ ಒಡೆದ ಮೇಲೂ ಊಹೆ ಸುಳ್ಳಾಗಬಹುದೆಂದರೆ ಒಡೆಯುವ ಮೊದಲಿನ ಮಾತು ಕೇಳುವುದೇನು!

ನಮ್ಮ ಕನ್ನಡ ಚಿತ್ರಗಳ ಇತಿಹಾಸವೂ ಜ್ಯೋತಿಷ್ಯದವರಿಗೆ ಅನುಕೂಲವಾಗಿಲ್ಲ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ಕ್ಕೆ ಸೆನ್ಸಾರ್ ಮಂಡಳಿ ಮೊದಲು ಪ್ರದರ್ಶನದ ಅನುಮತಿಯನ್ನೇ ನಿರಾಕರಿಸಿತ್ತು. ಅದೇ ಚಿತ್ರ 1970ನೆಯ ಸಾಲಿನ ದೇಶದ ಅತ್ಯುತ್ತಮ ಚಿತ್ರವೆನಿಸಿತು. ಸಣ್ಣಪುಟ್ಟ ಪಾತ್ರಗಳಲ್ಲಿ ಸುಳಿದು ಹೋಗುತ್ತಿದ್ದ ಎಂ.ವಿ. ವಾಸುದೇವರಾಯರು 1975ರ ‘ಚೋಮನ ದುಡಿ’ಯಲ್ಲಿ ಚೋಮನಾಗಿ ನಿಂತು ದೇಶದ ಅತ್ಯುತ್ತಮ ನಟರಾದರು. ಇನ್ನು ಡಾ. ರಾಜಕುಮಾರರ ವಿಷಯ. 1954ರ ‘ಬೇಡರ ಕಣ್ಣಪ್ಪ’ದಿಂದ ಮೊದಲುಗೊಂಡು ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದ ಅವರಿಗೆ ಅತ್ಯುತ್ತಮ ನಟನೆಂಬ ರಾಷ್ಟ್ರಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ಬಂದದ್ದು ಹಿನ್ನೆಲೆ ಗಾಯನಕ್ಕೆ, 1992ರ ‘ಜೀವನ ಚೈತ್ರ’ದ ಹಾಡಿಗಾಗಿ! ಇದನ್ನು ಯಾವ ರೈಲುಗಾಡಿಯಲ್ಲಿ ಯಾವ ಪುಣ್ಯಾತ್ಮ ಮೊದಲೇ ಹೇಳಿದ್ದಾನು? ಆದರೂ ನಟಸಾರ್ವಭೌಮನೆಂದು ಜನ ಅವರನ್ನು ಕರೆಯುವುದಕ್ಕೆ ಯಾವ ಮಂಡಳಿಯ ಪ್ರಕಟಣೆಯೂ ಬೇಕಾಗಲಿಲ್ಲ.

ಅಂದು ಗಾಡಿಯಲ್ಲಿ ನಮ್ಮ ಮಾತನ್ನು ಕಿಟಕಿಯ ಬಳಿಯ ವೃದ್ಧರೊಬ್ಬರು ಕೇಳಿಸಿಕೊಳ್ಳುತ್ತಿದ್ದರು. ಗಣಿಯಲ್ಲಿ ದುಡಿದು ನಿವೃತ್ತರಾದವರು. “ನೋಡಪ್ಪ, ಕಲ್ಲು ನೋಡಿ ಇದರಲ್ಲಿ ಇಷ್ಟು ಚಿನ್ನವಿದೆ ಅಂತ ಹೇಳಿದವನನ್ನು ನಾವು ನಂಬುತ್ತಿರಲಿಲ್ಲ” ಎಂದರು. ಒಂದು ಟನ್ ಅದಿರಿನಲ್ಲಿ ಚಿನ್ನವಿರುವುದು ಕೆಲವೇ ಗ್ರಾಂ. ಅದು ಬಹುಮಟ್ಟಿಗೆ ಕಣ್ಣಿಗೆ ಕಾಣಿಸುವುದಿಲ್ಲ. ಹೊಳೆಯುವುದೆಲ್ಲ ಬೇರೆ ಖನಿಜವಾಗಿರಬಹುದು. ಆದ್ದರಿಂದ ಅದಿರಿನ ಮಾದರಿಯನ್ನು ನುಣ್ಣಗೆ ಅರೆದು, ಸೀಸದ ಆಕ್ಸೈಡು ಮೊದಲಾದವುಗಳೊಡನೆ ಬೆರೆಸಿ ಕುಲುಮೆಯಲ್ಲಿ ಕರಗಿಸುತ್ತಾರೆ. ಚಿನ್ನವೆಲ್ಲ ಸೀಸದೊಳಗೆ ಸೇರಿಕೊಳ್ಳುತ್ತದೆ. ಆ ಸೀಸದ ಗುಂಡನ್ನು ಮೂಳೆಯ ಬೂದಿಯಿಂದ ಮಾಡಿದ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಿದರೆ ಸೀಸವನ್ನು ಬಟ್ಟಲೇ ಹೀರಿಕೊಂಡು, ಸಾಸಿವೆಯಂಥದೊಂದು ಮಣಿ ಉಳಿಯುತ್ತದೆ. ಅದರಲ್ಲಿನ ಬೆಳ್ಳಿಯನ್ನು ಆಮ್ಲದಿಂದ ತೆಗೆದು, ಉಳಿದದ್ದನ್ನು ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗುತ್ತಾರೆ. ಯಾರು ತೂಗಿದರೂ ತೂಕ ಒಂದೇ.

ಚಿತ್ರಗಳಿಗೆ ಅಂಥ ಕುಲುಮೆಯಿಲ್ಲ. ತೀರ್ಪುಗಾರರೆಂದರೆ ಮನುಷ್ಯರು, ಅವರಿಗೆ ಅವರ ಬದುಕು, ಅವರ ಓದು, ಅವರ ರುಚಿ. ಮತ್ತೊಂದು ಮಂಡಳಿ ಕುಳಿತಿದ್ದರೆ ಮತ್ತೊಂದು ಚಿತ್ರ ಗೆಲ್ಲಬಹುದಾಗಿತ್ತು. ಇದು ತೀರ್ಪುಗಾರರ ಮೇಲಿನ ಆಕ್ಷೇಪಣೆಯಲ್ಲ. ಅವರು ನೂರಾರು ಚಿತ್ರಗಳನ್ನು ಶ್ರದ್ಧೆಯಿಂದ ನೋಡುತ್ತಾರೆ. ನಾವು ಹೆಸರನ್ನೂ ಕೇಳದ ಚಿತ್ರಗಳನ್ನು ನಮಗೆ ತೋರಿಸಿಕೊಡುತ್ತಾರೆ. ಊಹೆಯ ಆಟದಲ್ಲಿ ಆಗದ ಉಪಕಾರವಿದು. ಊಹಿಸುವವನಿಗೆ ತಾನು ಕೇಳಿದ ಹೆಸರುಗಳೇ ಪ್ರಪಂಚ. ಭಿತ್ತಿಪತ್ರದ ಮೇಲೆ ದೊಡ್ಡ ಅಕ್ಷರದಲ್ಲಿರುವ ನಾಯಕನನ್ನು ಬಿಟ್ಟರೆ ಅವನಿಗೆ ಮತ್ತಾರೂ ಕಾಣರು. 2019ರಲ್ಲಿ ‘ಕೆಜಿಎಫ್’ಗಾಗಿ ಪ್ರಶಸ್ತಿ ಪಡೆದವರು ಹೊಡೆದಾಟಗಳನ್ನು ಸಂಯೋಜಿಸಿದವರು, ಗಣಕಯಂತ್ರದ ಮುಂದೆ ಕುಳಿತು ದೃಶ್ಯಗಳನ್ನು ಕಟ್ಟಿದವರು. ವೃದ್ಧರಿಗೆ ಈ ಸಂಗತಿ ಬಹಳ ಹಿಡಿಸಿತು. “ಚಿನ್ನದ ಗಟ್ಟಿಯ ಮೇಲೆ ಕೊರೆಯುವವನ ಹೆಸರು ಎಂದಾದರೂ ಇತ್ತೇ? ಇಲ್ಲಿ ಅವರ ಹೆಸರಾದರೂ ಕರೆದರಲ್ಲ” ಎಂದರು. ಹಾಗೆಂದು ಆ ಚಿತ್ರವನ್ನು ಅವರೇನೂ ಹೊಗಳಲಿಲ್ಲ. “ನಮ್ಮ ಊರಿನ ಹೆಸರಿದೆ, ಅದರಲ್ಲಿ ನಾವಿಲ್ಲ” ಎಂದು ನಕ್ಕರು. ಅದು ಕಲ್ಪಿತ ಕಥೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಬಿಸಿಯಲ್ಲಿ ಸರದಿಯ ಮೇಲೆ ದುಡಿದವರ ಕಥೆಯಲ್ಲ. ಪ್ರಶಸ್ತಿ ಬಂದರೂ ಬಾರದಿದ್ದರೂ ಬದಲಾಗದ ಅಭಿಪ್ರಾಯವದು. ಅಂದು ಆ ಡಬ್ಬಿಯಲ್ಲಿ ಆಡಿದ ಮಾತುಗಳಲ್ಲಿ ಸ್ವಂತದ್ದೆಂದು ನನಗೆ ತೋರಿದ್ದು ಅದೊಂದೇ.

ನಾನು ಹುಡುಗನಿಗೆ ಹೇಳಿದ್ದು ಇಷ್ಟು. ಊಹಿಸುವುದಿದ್ದರೆ ಊಹಿಸು, ಆದರೆ ಹಾಳೆಯಲ್ಲಿ ಎರಡು ಅಂಕಣ ಮಾಡಿಕೊ. ಒಂದರಲ್ಲಿ ‘ಯಾರಿಗೆ ಬರುತ್ತದೆ’ ಎಂದು ಬರೆ. ಇನ್ನೊಂದರಲ್ಲಿ ‘ನಾನಾಗಿದ್ದರೆ ಯಾರಿಗೆ ಕೊಡುತ್ತಿದ್ದೆ, ಏಕೆ’ ಎಂದು ಬರೆ. ನೋಡದ ಚಿತ್ರದ ಹೆಸರನ್ನು ಎರಡನೆಯದರಲ್ಲಿ ಬರೆಯಬೇಡ. ಪ್ರಕಟಣೆಯಾದ ಮೇಲೆ ಮೊದಲನೆಯದನ್ನು ಬೇಕಾದರೆ ಹೊಡೆದುಹಾಕು. ಎರಡನೆಯದನ್ನು ತಿದ್ದುವುದಾದರೆ ಚಿತ್ರವನ್ನು ಮತ್ತೊಮ್ಮೆ ನೋಡಿ ತಿದ್ದು, ಪತ್ರಿಕೆ ನೋಡಿ ತಿದ್ದಬೇಡ.

ಅವನು ಒಪ್ಪಿದಂತೆ ಕಾಣಲಿಲ್ಲ. ಬಂಗಾರಪೇಟೆ ಬಂತು, ನಾನು ಇಳಿದೆ.

ಕೆಲವು ತಿಂಗಳ ಮೇಲೆ ಅದೇ ಗಾಡಿಯಲ್ಲಿ ಮತ್ತೆ ಸಿಕ್ಕಿದ. ‘ನಾತಿಚರಾಮಿ’ಯನ್ನು ನೋಡಿದನಂತೆ. ಮೊದಲರ್ಧ ನಿಧಾನವೆನ್ನಿಸಿತು, ಆದರೆ ಬಿಂದುಮಾಲಿನಿಯವರ ಹಾಡು ಎರಡು ದಿನ ಕಿವಿಯಲ್ಲೇ ಇತ್ತು ಎಂದ. ‘ಕೆಜಿಎಫ್’ ಮೊದಲ ಭಾಗವನ್ನೂ ಮತ್ತೊಮ್ಮೆ ನೋಡಿ, ಒಂಬತ್ತನೆಯ ತರಗತಿಯಲ್ಲಿ ಮೆಚ್ಚಿದ್ದರಲ್ಲಿ ಅರ್ಧವನ್ನು ಈಗಲೂ ಮೆಚ್ಚಿದನಂತೆ. ಯಾವ ಅರ್ಧ ಎಂದು ಟೇಕಲ್ಲಿನಿಂದ ಬಂಗಾರಪೇಟೆಯವರೆಗೂ ವಿವರಿಸಿದ. ನಾನು ಇಳಿಯಲು ಎದ್ದಾಗ, “ಅದಿರಲಿ ಸಾರ್, ಮುಂದಿನ ಸಲ ಯಾರಿಗೆ ಬರುತ್ತದೆ ಹೇಳಿ” ಎಂದು ಕೇಳಿದ.