ಅಟ್ಟದ ಮೇಲಿನ ಕೊಳಗ

ನಮ್ಮ ಹಳೆಯ ಮನೆಯ ಅಟ್ಟದ ಮೇಲೆ ಮರದ ಕೊಳಗವೊಂದಿತ್ತು. ಅದರ ಬಾಯಿಗೂ ತಳಕ್ಕೂ ಹಿತ್ತಾಳೆಯ ಪಟ್ಟಿ ಬಿಗಿದಿದ್ದರು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಅನಂತರ ದೇಶದಲ್ಲೆಲ್ಲ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದಿತು. ಆದರೂ ಶೆಟ್ಟಿಕೆರೆಯ ನಮ್ಮ ಕಣದಲ್ಲಿ ಇನ್ನೂ ಕೆಲವು ವರ್ಷ ರಾಗಿಯನ್ನು ಅಳೆದದ್ದು ಆ ಕೊಳಗವೇ. ಮನೆಯನ್ನು ದುರಸ್ತಿ ಮಾಡಿಸುವಾಗ ನಾನು ಅದನ್ನು ಹಳೆಯ ಸಾಮಾನು ಕೊಳ್ಳುವವನಿಗೆ ಕೊಟ್ಟುಬಿಟ್ಟೆ. ಖಂಡುಗಕ್ಕೆ 20 ಕೊಳಗವೆಂದು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದು ತೋರಿಸಿದವನು ನಾನು. ಆದರೂ ಮನೆಯ ಕೊಳಗವನ್ನು ಉಳಿಸಿಕೊಳ್ಳಬೇಕೆಂದು ಅಂದು ನನಗೆ ತೋರಲಿಲ್ಲ.

ಕೆಲವು ವರ್ಷಗಳ ಅನಂತರ ಒಂದು ಬೇಸಗೆಯ ರಜೆಯಲ್ಲಿ ಮನೆಮಂದಿಯೆಲ್ಲ ರಾಮನಗರದ ಬಳಿಯ ಜಾನಪದ ಲೋಕಕ್ಕೆ ಹೋದೆವು. ಐ.ಎ.ಎಸ್. ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಊರೂರು ತಿರುಗಿ ಜನಪದ ಗೀತೆಗಳನ್ನೂ ವಸ್ತುಗಳನ್ನೂ ಸಂಗ್ರಹಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, 1994ರಲ್ಲಿ ಈ ಜಾನಪದ ಲೋಕವನ್ನು ನಾಡಿಗೆ ಕೊಟ್ಟರು. ಅಲ್ಲಿ ಅಡುಗೆಮನೆಯ ಪಾತ್ರೆಗಳಿವೆ, ಬೇಸಾಯದ ಸಲಕರಣೆಗಳಿವೆ, ಯಕ್ಷಗಾನದ ವೇಷಭೂಷಣಗಳೂ ತೊಗಲುಗೊಂಬೆಗಳೂ ಇವೆ. ಅಳತೆಯ ಸಾಮಾನುಗಳ ಮುಂದೆ ಬಂದಾಗ ನನ್ನ ಅಕ್ಕ ನಿಂತುಬಿಟ್ಟಳು. “ಇದು ನಮ್ಮ ಮನೆಯದರ ಹಾಗೆಯೇ ಇದೆ” ಎಂದಳು. “ನಮ್ಮದು ಎಲ್ಲಿದೆ ತಾತ?” ಎಂದು ಮೊಮ್ಮಗಳು ಕೇಳಿದಳು. ನಾನು ತಲೆ ತಗ್ಗಿಸಬೇಕಾಯಿತು.

ಅಕ್ಕ ಮಾತು ಮುಂದುವರಿಸಿದಳು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರಂತೆ. ಅನಂತರವೇ ಎರಡು, ಮೂರು. ಬಡಗಿ, ಕಮ್ಮಾರ, ಅಗಸರಿಗೆ ವರ್ಷದ ದುಡಿಮೆಯ ಪಾಲು ಸಲ್ಲುತ್ತಿದ್ದುದೂ ಆ ಕಣದಲ್ಲಿಯೇ. ಇಷ್ಟು ಹೇಳಿ ಅವಳು ದನಿ ತಗ್ಗಿಸಿದಳು. “ಕಣದ ಅಂಚಿನಲ್ಲಿ ಒಬ್ಬಾಕೆ ಮೊರ ಹಿಡಿದು ನಿಂತಿರುತ್ತಿದ್ದಳು ಮಗು. ನಮ್ಮ ಹೊಲದಲ್ಲಿ ವರ್ಷವೆಲ್ಲ ದುಡಿದವಳು ಅವಳೇ. ಆದರೆ ಅವಳು ಕೊಳಗವನ್ನು ಮುಟ್ಟುವ ಹಾಗಿರಲಿಲ್ಲ, ಮೇಲಿನಿಂದ ಸುರಿಯುತ್ತಿದ್ದರು.” “ಏಕೆ ದೊಡ್ಡಜ್ಜಿ?” ಎಂದಳು ಹುಡುಗಿ. ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಹಿಂದಿರುಗುವ ದಾರಿಯುದ್ದಕ್ಕೂ ನಾವು ಆಡಿದ್ದು ಆ ಪ್ರಶ್ನೆಯ ಮಾತನ್ನೇ.

ವಸ್ತುಸಂಗ್ರಹಾಲಯಕ್ಕೆ ಮನೆಮಂದಿಯೊಡನೆ ಹೋಗಬೇಕೆಂದು ನಾನು ಹೇಳುವುದು ಈ ಕಾರಣಕ್ಕಾಗಿ. ಶಾಲೆಯ ಪ್ರವಾಸವೂ ಒಳ್ಳೆಯದೇ. ಆದರೆ ಅಲ್ಲಿ ಮಕ್ಕಳೆಲ್ಲ ಒಂದೇ ವಯಸ್ಸಿನವರು. ಸಾಲಾಗಿ ಬಂದು ಸಾಲಾಗಿ ಹೋಗುತ್ತಾರೆ. ವಸ್ತುವಿನ ಪಕ್ಕದ ಚೀಟಿ ಅದರ ಹೆಸರನ್ನೂ ಕಾಲವನ್ನೂ ಹೇಳೀತು. ಅದನ್ನು ಯಾರ ಕೈ ಹಿಡಿಯಿತು, ಯಾರ ಕೈ ಮುಟ್ಟದೆ ಉಳಿಯಿತು ಎಂಬುದನ್ನು ಹೇಳಲಾರದು. ಅದನ್ನು ಬಲ್ಲವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ವಸ್ತುವಿನ ಎದುರು ನಿಂತಾಗ ಅವರಿಗೆ ಮರೆತದ್ದು ನೆನಪಾಗುತ್ತದೆ, ಮಕ್ಕಳಿಗೆ ಕೇಳಬೇಕೆನಿಸುತ್ತದೆ. ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು. ಹಿರಿಯರ ನೆನಪಿಗೆ ಅಂತಹ ಪೆಟ್ಟಿಗೆಯಿಲ್ಲ. ಅದು ಕೇಳುವವರಿದ್ದರೆ ಮಾತ್ರ ಉಳಿಯುತ್ತದೆ.

“ತೆಂಗಿನ ತೋಟವನ್ನು ಬಿಟ್ಟು ಊರೂರು ಸುತ್ತಲು ಬಿಡುವೆಲ್ಲಿ, ಹಣವೆಲ್ಲಿ?” ಎಂದು ಕೆಲವರು ಕೇಳುವುದುಂಟು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ನೀರಿಲ್ಲದೆ ಮರಗಳು ಸೊರಗಿದ ವರ್ಷ ಯಾರಿಗೂ ಪ್ರವಾಸದ ನೆನಪಾಗದು. ಆದರೆ ನೋಡಬೇಕಾದುದೆಲ್ಲ ದೂರದಲ್ಲಿಯೇ ಇರಬೇಕೇ? ಶೆಟ್ಟಿಕೆರೆಯಲ್ಲಿಯೇ ಹೊಯ್ಸಳರ ಕಾಲದ ಯೋಗಮಾಧವ ದೇವಾಲಯವಿದೆ. ಯೋಗಾಸನದಲ್ಲಿ ಕುಳಿತ ಮಾಧವನ ಮೂರ್ತಿ ಬೇರೆಡೆ ಕಾಣಸಿಗುವುದು ಅಪರೂಪ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದಲ್ಲಿ ತಲೆಯೆತ್ತಿ ನೋಡಿದರೆ, ಛಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ಶಿವನು ನರ್ತಿಸುತ್ತಿದ್ದಾನೆ. ಅದು 9ನೆಯ ಶತಮಾನದ ಶಿಲ್ಪ. ತುರುವೇಕೆರೆಯಲ್ಲಿ ಕರಿಯ ಕಲ್ಲಿನ ನುಣುಪಾದ ನಂದಿಯಿದೆ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆ ದನಗಳಿಗೆ ಮೇವು ಹಾಕುವ ಹೊತ್ತಿಗೆ ಮನೆ ಸೇರಬಹುದು.

ಎಂದಾದರೂ ಬೆಂಗಳೂರಿಗೆ ಹೋದಾಗ ಅಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನೂ ಕೇಳಿ ತಿಳಿದುಕೊಳ್ಳಬೇಕು. 1865ರಲ್ಲಿ ಆರಂಭವಾದ ಆ ಸಂಸ್ಥೆಯ ಸಂಗ್ರಹದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲೊಂದಿದೆ. ಹತ್ತನೆಯ ಶತಮಾನದ ಆ ಶಾಸನ, ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯನ್ನು ನೆನೆಯುತ್ತದೆ. ನಾಯಿಯೊಂದರ ನೆನಪಿಗೆ ಕಲ್ಲು ನಿಲ್ಲಿಸಿದ ನಾಡು ಇದು. ದುಡಿದ ಮನುಷ್ಯರನ್ನು ನಾವು ಮರೆಯಬಹುದೇ?

ಒಟ್ಟಿಗೆ ನೋಡಬೇಕಾದುದು ಕಲ್ಲುಗಳನ್ನು ಮಾತ್ರವಲ್ಲ, ಆಟಪಾಟಗಳನ್ನು ಕೂಡ. ನಮ್ಮ ಜಿಲ್ಲೆ ಮೂಡಲಪಾಯ ಯಕ್ಷಗಾನದ ನೆಲೆ. ಸುಗ್ಗಿ ಮುಗಿದ ಮೇಲೆ ರೈತರೇ ವೇಷ ಕಟ್ಟಿ, ಭಾಗವತರ ಹಾಡಿಗೂ ಮುಖವೀಣೆಯ ನಾದಕ್ಕೂ ಬೆಳಗಾಗುವವರೆಗೆ ಕುಣಿಯುತ್ತಿದ್ದರು. ವಿದ್ವಾಂಸರಾದ ಜೀ.ಶಂ. ಪರಮಶಿವಯ್ಯನವರು ಈ ಕಲೆಯನ್ನು ಅಭ್ಯಾಸ ಮಾಡಿ ನಾಡಿನ ಗಮನಕ್ಕೆ ತಂದರು. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯೂ ನಮ್ಮ ಜಿಲ್ಲೆಯದೇ. ಅಂದು ಅಜ್ಜಿಯಿಂದ ಹಿಡಿದು ತೊಡೆಯ ಮೇಲಿನ ಕೂಸಿನವರೆಗೆ ಎಲ್ಲರೂ ಒಂದೇ ಚಾಪೆಯ ಮೇಲಿದ್ದರು. ಹಾಸ್ಯಗಾರ ಬಂದಾಗ ಎಲ್ಲರೂ ನಕ್ಕರು. ಅಭಿಮನ್ಯು ಬಿದ್ದಾಗ ಎಲ್ಲರೂ ಕಣ್ಣೊರಸಿಕೊಂಡರು. ಈಗ ಒಂದೇ ಕೋಣೆಯಲ್ಲಿ ನಾಲ್ವರು ಕುಳಿತು ನಾಲ್ಕು ಮೊಬೈಲುಗಳನ್ನು ನೋಡುತ್ತಾರೆ. ಒಬ್ಬನು ನಕ್ಕರೆ ಮತ್ತೊಬ್ಬನಿಗೆ ಕಾರಣ ತಿಳಿಯದು. ಮೊಬೈಲನ್ನು ನಾನು ನಿಂದಿಸುತ್ತಿಲ್ಲ. ಅದರಿಂದ ಕಲಿಯುವುದೂ ಬಹಳವಿದೆ. ಆದರೆ ಒಟ್ಟಿಗೆ ನಗುವುದೂ ಒಟ್ಟಿಗೆ ಮರುಗುವುದೂ ಅಭ್ಯಾಸದಿಂದ ಬರುವ ಗುಣಗಳು. ಅಭ್ಯಾಸ ತಪ್ಪಿದರೆ ಒಂದೇ ಸೂರಿನ ಕೆಳಗಿರುವವರೂ ನೆಂಟರಂತೆ ಆಗಿಬಿಡುತ್ತಾರೆ.

ಹಳೆಯದೆಲ್ಲವೂ ಹೊನ್ನೆಂದು ಹೇಳಲು ನಾನು ಈ ಮಾತುಗಳನ್ನು ಬರೆಯುತ್ತಿಲ್ಲ. ಕಣದ ಅಂಚಿನಲ್ಲಿ ಮೊರ ಹಿಡಿದು ನಿಂತವಳ ಕಾಲ ಮತ್ತೆ ಬರಬಾರದು. ಬರಬಾರದೆಂದಾದರೆ ಅದು ಹೇಗಿತ್ತೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು. ಒಳ್ಳೆಯದನ್ನು ಉಳಿಸಿಕೊಳ್ಳುವುದಕ್ಕೂ ಕೆಟ್ಟದ್ದನ್ನು ಬಿಡುವುದಕ್ಕೂ ಮೊದಲು ಎರಡನ್ನೂ ಕಣ್ಣಾರೆ ಕಾಣಬೇಕು.

ಮೇ 18 ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಅದು ಬರುವುದು ನಿಮ್ಮ ಬೇಸಗೆಯ ರಜೆಯ ದಿನಗಳಲ್ಲಿ. ಅಂದು ಎಲ್ಲಿಗೂ ಹೋಗಲಾಗದಿದ್ದರೆ ನಿಮ್ಮ ಮನೆಯ ಅಟ್ಟವನ್ನಾದರೂ ಹತ್ತಿ ನೋಡಿರಿ. ಸಿಕ್ಕಿದ ವಸ್ತುವನ್ನು ಅಜ್ಜಿಯ ಮುಂದಿಟ್ಟು, ಅದು ಏನು, ಯಾರದು ಎಂದು ಕೇಳಿರಿ. ಹಳೆಯ ಸಾಮಾನು ಕೊಳ್ಳುವವನು ಬಾಗಿಲಿಗೆ ಬರುವ ಮೊದಲೇ ಕೇಳಿರಿ. ನಾನು ಕೇಳಿರಲಿಲ್ಲ.